ಡಬ್ಬಿ ಮುಚ್ಚುವವನ ಕಸದ ಚಿಂತೆ

ಇಪ್ಪತ್ತಾರು ವರ್ಷ ನಾನು ಕಳೆನಾಶಕದ ಡಬ್ಬಿಗಳಿಗೆ ಮುಚ್ಚಳ ಹಾಕಿದ್ದೇನೆ. ಇಷ್ಟಾದರೂ ನನ್ನನ್ನು ಹೊಲದ ನಡುವೆ ನಿಲ್ಲಿಸಿ, ಇದರಲ್ಲಿ ಕಳೆ ಯಾವುದು ಬೆಳೆ ಯಾವುದು ಹೇಳು ಎಂದರೆ ನನಗೆ ಹೇಳಲು ಬರುವುದಿಲ್ಲ. ಇದನ್ನು ಇದುವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ. ಹೇಳುವ ಪ್ರಸಂಗವೂ ಬಂದಿರಲಿಲ್ಲ. ಚೆಂಬೂರಿನ ಹಳೆಯ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ಒಂದೂವರೆ ಕೋಣೆಯಲ್ಲಿ ಇರುವವನನ್ನು ಹಿಡಿದು ಜೋಳದ ಹೊಲದ ಪರೀಕ್ಷೆ ಯಾರು ಮಾಡುತ್ತಾರೆ?

ಕಂಪನಿ ರಿಫೈನರಿಗಳ ಕಡೆ ಹೋಗುವ ರಸ್ತೆಯಲ್ಲಿತ್ತು. ನನ್ನದು ಪ್ಯಾಕಿಂಗ್ ಖಾತೆ. ಬೆಲ್ಟಿನ ಮೇಲೆ ಡಬ್ಬಿ ಬರುತ್ತಿತ್ತು, ನಾನು ಮುಚ್ಚಳ ತಿರುಗಿಸುತ್ತಿದ್ದೆ, ಪಕ್ಕದವನು ಚೀಟಿ ಅಂಟಿಸುತ್ತಿದ್ದ. ಅವನಿಗೆ ರಜೆ ಇದ್ದ ದಿನ ಚೀಟಿಯೂ ನನ್ನದೇ. ಊರಿಗೆ ಹೋದಾಗ ಮಾತ್ರ ನನಗೆ ಬಡ್ತಿ ಸಿಗುತ್ತಿತ್ತು. "ಮುಂಬೈಯಾಗ ಕಸದ ಔಷಧ ಮಾಡೂ ಕಂಪನಿಯಾಗ ಅದಾರ" ಎಂದು ನನ್ನನ್ನು ಪರಿಚಯಿಸುತ್ತಿದ್ದರು. ನಮ್ಮ ಕಡೆ ಕಳೆಗೆ ಕಸ ಎಂದೇ ಅನ್ನುವುದು. ಕಟ್ಟೆಯ ಮೇಲೆ ಕುಳಿತವರು ಸರಿದು ಜಾಗ ಕೊಡುತ್ತಿದ್ದರು. ಹುಲ್ಲಿಗೆ ಯಾವುದು ಹೊಡೆಯಬೇಕು, ಅಗಲ ಎಲೆಯ ಕಸಕ್ಕೆ ಯಾವುದು ಎಂದು ಕೇಳುತ್ತಿದ್ದರು. ನಾನು ಗಂಭೀರವಾಗಿ, "ಅದು ಹೊಲದ ಮ್ಯಾಲ ಐತಿ" ಎನ್ನುತ್ತಿದ್ದೆ. ಈ ಒಂದು ವಾಕ್ಯವನ್ನು ಇಟ್ಟುಕೊಂಡು ಎಷ್ಟೋ ವರ್ಷ ಮರ್ಯಾದೆಯಿಂದ ಬದುಕಿದೆ.

ನನ್ನ ಹೆಂಡತಿ ನೀಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. "ಡಬ್ಬಿ ಮುಚ್ಚಾವರು ಡಬ್ಬಿ ಮುಚ್ಚರಿ, ಬಾಯೀನೂ ಮುಚ್ಚರಿ" ಎಂದು ಆಮೇಲೆ ಮೆಲ್ಲಗೆ ಹೇಳುತ್ತಿದ್ದಳು. ಅವಳು ಹೊಲದಲ್ಲಿ ಬೆಳೆದವಳು. ನಾನು ತಾಲೂಕಿನ ಊರಿನ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದವನ ಮಗ. ನನಗೆ ಜೋಳದ ಪರಿಚಯ ಶುರುವಾಗುವುದೇ ಹಿಟ್ಟಿನಿಂದ.

ನೀಲಾ ಹೋದ ಆಷಾಢದಲ್ಲಿ ತೀರಿಕೊಂಡಳು. ಅದಕ್ಕೂ ಮೊದಲು ಕೆಲವು ತಿಂಗಳು ಮೆಟ್ಟಿಲು ಹತ್ತುವಾಗ ಎರಡನೆಯ ಮಹಡಿಯಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದಳು. ಕೈಯಲ್ಲಿ ಚೀಲ ಇದೆಯಲ್ಲ, ಅದಕ್ಕೆ ಎಂದುಕೊಂಡೆ. ಆಮೇಲೆ ಚೀಲವಿಲ್ಲದಾಗಲೂ ನಿಂತಳು. ಮುಖ ಬಾಡಿದಂತಿತ್ತು. ಬೇಸಗೆಯಲ್ಲಿ ನೀರು ಕಡಿಮೆ ಕುಡಿಯುತ್ತಾಳೆ ಎಂದು ನಾನೂ ಹೇಳಿದೆ, ಅಕ್ಕಪಕ್ಕದವರೂ ಹೇಳಿದರು, ಅವಳೂ ಅದನ್ನೇ ಹೇಳಿದಳು. ದೊಡ್ಡ ಆಸ್ಪತ್ರೆಯಲ್ಲಿ ರೋಗದ ಹೆಸರು ಹೇಳಿದ ದಿನದಿಂದ ಎಲ್ಲ ಮುಗಿಯುವವರೆಗೆ ಏಳು ವಾರ.

ಅಂದಿನಿಂದ ನನಗೆ ಒಂದು ಚಟ ಹತ್ತಿದೆ. ಎಲ್ಲದರಲ್ಲೂ ಮುನ್ಸೂಚನೆ ಹುಡುಕುತ್ತೇನೆ. ನಲ್ಲಿಯ ಸದ್ದು ಬದಲಾದರೆ ಪ್ಲಂಬರನಿಗೆ ಫೋನು. ಗ್ಯಾಸಿನ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡದೆ ಮನೆ ಬಿಡುವುದಿಲ್ಲ. ಮೂರನೆಯ ಸಲ ಮುಟ್ಟಿದಾಗ ತಿರುಗಿಸಿಬಿಟ್ಟೆನೇನೋ ಎಂದು ನಾಲ್ಕನೆಯ ಸಲ. ನನ್ನ ಮಗಳು ಪ್ರೀತಿ ಕುರ್ಲಾದ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅವಳು ಬೆಳಿಗ್ಗೆ ಎರಡು ಸಲ ಸೀನಿದರೆ ನಾನು ಪೇಪರು ಮಡಚಿಟ್ಟು ಅವಳ ಮುಖ ನೋಡುತ್ತೇನೆ.

"ಪಪ್ಪಾ, ಐಸಾ ಮತ್ ದೇಖೋ ನಾ," ಎನ್ನುತ್ತಾಳೆ. "ಡಸ್ಟ್ ಐತಿ. ಮುಂಬೈದಾಗ ಎಲ್ಲಾರೂ ಸೀನತಾರ. ನಿಮಗ ಚೆಕಪ್ ಬೇಕು, ನನಗ ಅಲ್ಲ."

ಇಂಥ ಹೊತ್ತಿನಲ್ಲಿ ಹೊಲವೂ ನನ್ನ ಕೈಗೆ ಬಂತು.

ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ನೀಲಾಳಿಗೆ ತವರಿನಿಂದ ಬಂದ ಎರಡು ಎಕರೆ ಎರೆಹೊಲವಿದೆ. ಅವಳ ತಂಗಿ ಕಸ್ತೂರಿಗೂ ಅಷ್ಟೇ, ಹಳ್ಳದ ಆಚೆ. ಎರಡನ್ನೂ ಕಸ್ತೂರಿ ಮತ್ತು ಅವಳ ಗಂಡನೇ ಸಾಗುವಳಿ ಮಾಡುತ್ತಾರೆ. ಪ್ರತಿ ವರ್ಷ ಸುಗ್ಗಿಗೆ ಮೊದಲು ನೀಲಾ ಒಂದು ವಾರ ಊರಿಗೆ ಹೋಗಿ, ತನ್ನ ಹೊಲದಲ್ಲಿ ಸಾಲು ಸಾಲು ತಿರುಗಿ, ಬೀಜಕ್ಕೆಂದು ತೆನೆ ಆರಿಸುತ್ತಿದ್ದಳು. ಅವಳ ತಾಯಿಯೂ ಅದೇ ಬೀಜ ಆರಿಸುತ್ತಿದ್ದಳಂತೆ. ಕಾಳು ಮುತ್ತಿನಂತೆ ದುಂಡಗೆ, ರೊಟ್ಟಿ ಮರುದಿನಕ್ಕೂ ಮೆತ್ತಗೆ. ಕಳೆದ ಚಳಿಗಾಲದಲ್ಲಿ ಅವಳು ಆರಿಸಿದ ಬೀಜವನ್ನು ಈ ವರ್ಷ ಮಳೆಗಾಲದ ಕೊನೆಯಲ್ಲಿ ಕಸ್ತೂರಿ ಬಿತ್ತಿದಳು. ಆರಿಸಿದ ಕೈ ಆಗ ಇರಲಿಲ್ಲ.

ಬಿತ್ತಿ ಮೂರು ವಾರವಾದ ಮೇಲೆ ಒಂದು ಸೋಮವಾರ ನನಗೆ ಕಸ್ತೂರಿಯ ಫೋನು ಬಂತು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ; ಬಸವಣ್ಣನ ವಾರ. ಎತ್ತಿಗೆ ರಜೆ ಇದ್ದರೆ ಕಸ್ತೂರಿಗೂ ಅರ್ಧ ರಜೆ. ಆದ್ದರಿಂದ ಅಕ್ಕ ತಂಗಿಯರು ಸೋಮವಾರ ಬೆಳಿಗ್ಗೆ ಫೋನಿನಲ್ಲಿ ಮಾತನಾಡುವುದು ಎಷ್ಟೋ ವರ್ಷಗಳ ರೂಢಿ. ನಾನು ಚಹಾ ಕುಡಿಯುತ್ತ ಒಂದು ಕಡೆಯ ಮಾತು ಮಾತ್ರ ಕೇಳುತ್ತಿದ್ದೆ. "ಎಡೆ ಹೊಡದ್ರೇನು?" "ಇನ್ನೊಂದು ಸಲ ಹೊಡೀರಿ." "ಕುಸುಬಿ ಸಾಲು ಬಿಟ್ಟು ಹೊಡೀರಿ." ಸಾಲುಗಳ ನಡುವೆ ಎತ್ತು ಹೂಡಿ ಕುಂಟೆ ಎಳೆದು ಕಸ ಕೀಳುವುದಕ್ಕೆ ಎಡೆ ಹೊಡೆಯುವುದು ಎನ್ನುತ್ತಾರೆ, ಜೋಳದ ನಡುವೆ ಎಣ್ಣೆಗೆಂದು ಬೆಳೆಯುವುದೇ ಕುಸುಬಿ ಎಂಬುದು ನನಗೆ ಗೊತ್ತಾದದ್ದು ಹೀಗೆ. ಮೂರನೆಯ ಮಹಡಿಯಲ್ಲಿ ಕುಳಿತು ನಾಲ್ಕು ನೂರು ಕಿಲೋಮೀಟರಿನಾಚೆಯ ಕಸ ಕೀಳಿಸುವ ನನ್ನ ಹೆಂಡತಿ ನನಗೆ ದೊಡ್ಡ ವಿದ್ವಾಂಸಳಂತೆ ಕಾಣುತ್ತಿದ್ದಳು.

ಈಗ ಆ ಫೋನು ನನಗೆ. "ಮಾಮಾ, ಎಡೆ ಹೊಡಿಯೂಣೇನು?" ಎಂದು ಕಸ್ತೂರಿ ಕೇಳಿದಾಗ ನಾನು "ಅದು ಹೊಲದ ಮ್ಯಾಲ ಐತಿ" ಎಂದೆ. ಅದಕ್ಕೆ ಅವಳು, "ಹೊಲದ ಮ್ಯಾಲ ಐತಿ ಅಂತ ನನಗೂ ಗೊತ್ತೈತಿ, ಮಾಮಾ. ಹೊಲದಾಗ ನಿಂತಽ ಕೇಳಾಕತ್ತೀನಿ."

ಪೂಜೆಯ ಮಂತ್ರ ಗೊತ್ತಿಲ್ಲದವನನ್ನು ಪುರೋಹಿತನ ಮಣೆಯ ಮೇಲೆ ಕೂರಿಸಿದಂತಾಯಿತು. ಎದ್ದುಹೋಗಲೂ ಮನಸ್ಸಿಲ್ಲ. ಆ ಮಣೆ ನೀಲಾಳದು. "ಹೊಡೀರಿ" ಎಂದೆ. ದೇವರ ದಯೆಯಿಂದ ಅದು ಸರಿಯಾದ ಉತ್ತರವಾಗಿತ್ತು.

ಆಮೇಲೆ ಕಸದ ಬಗ್ಗೆ ಬಹಳ ಯೋಚಿಸತೊಡಗಿದೆ. ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರು ಪಾರಿವಾಳಗಳಿಗೆ ಜೋಳ ಎರಚುತ್ತಾರೆ. ಹಕ್ಕಿ ಬಿಟ್ಟ ಕಾಳು ಕೊಳವೆಯ ಸಂದಿಯಲ್ಲಿ, ಎಸಿಯ ಕೆಳಗಿನ ಒದ್ದೆ ಜಾಗದಲ್ಲಿ ಮೊಳೆಯುತ್ತದೆ. ಗುಡಿಸುವ ಹೆಂಗಸು ಬಂದು "ಕಿತನಾ ಘಾಸ್ ಆತಾ ಹೈ" ಎಂದು ಕಿತ್ತು ಬಕೆಟ್ಟಿಗೆ ಹಾಕುತ್ತಾಳೆ. ಅಲ್ಲಿಂದ ಸ್ವಲ್ಪ ದೂರ ಮಾಟುಂಗಕ್ಕೆ ಹೋದರೆ ಅದೇ ಜೋಳದ ಭಾಕ್ರಿ, ಅಂದರೆ ರೊಟ್ಟಿಯನ್ನು ಹೋಟೆಲಿನವರು ಬೆಳ್ಳಗಿನ ತಟ್ಟೆಯಲ್ಲಿ ಇಟ್ಟು, ಆರೋಗ್ಯಕ್ಕೆ ಬಹಳ ಒಳ್ಳೆಯದು ಎಂದು ಬೋರ್ಡು ಹಾಕಿದ್ದಾರೆ. ಸಸ್ಯ ಒಂದೇ. ಕೊಳವೆಯಲ್ಲಿ ಹುಟ್ಟಿದ್ದು ಅದರ ತಪ್ಪು.

ಹೊಲದಲ್ಲಿಯೂ ಹೀಗೆಯೇ ಅಂತೆ. ಎರೆಹೊಲದ ಜೋಳದಲ್ಲಿ ತಾನಾಗಿ ಹುಟ್ಟುವ ಹಕ್ಕರಕಿ ಎಂಬ ಸೊಪ್ಪಿದೆ. ಲೆಕ್ಕಕ್ಕೆ ಅದು ಕಸ. ಆದರೆ ಕಸ ತೆಗೆಯಲು ಹೋದ ಹೆಂಗಸರು ಅದನ್ನು ಉಡಿಯಲ್ಲಿ ತುಂಬಿಕೊಂಡು ಬಂದು, ಹಸಿಯಾಗಿಯೇ ರೊಟ್ಟಿಯ ಜೊತೆ ಶೇಂಗಾ ಹಿಂಡಿ ಹಚ್ಚಿ ತಿನ್ನುತ್ತಾರೆ. ನಾನು ಒಮ್ಮೆ ಕಂಪನಿಯ ಒಂದು ಡಬ್ಬಿಯನ್ನು ಊರಿಗೆ ಒಯ್ಯುತ್ತೇನೆ ಎಂದಾಗ ನೀಲಾ ಸಿಟ್ಟಾಗಿದ್ದಳು. "ನಿಮ್ಮ ಔಷಧಕ್ಕ ಕಸ ಯಾವುದು, ಕುಸುಬಿ ಯಾವುದು, ಹಕ್ಕರಕಿ ಯಾವುದು ಗೊತ್ತಾಗತೈತೇನು? ಅದಕ್ಕ ಕಣ್ಣಿಲ್ಲ. ಕೈಗೆ ಕಣ್ಣ ಐತಿ." ಕೈಗೆ ಕಣ್ಣಿದ್ದ ಅವಳ ಮಾತು ಆಗ ನನಗೆ ಹಟದಂತೆ ಕಂಡಿತ್ತು.

ಡಿಸೆಂಬರಿನ ಒಂದು ಸೋಮವಾರ. ನಿವೃತ್ತನಾದ ಮೇಲೆ ನಾನು ವಾರಕ್ಕೆ ಮೂರು ದಿನ ಮಾಟುಂಗದ ಒಂದು ಕನ್ನಡ ಸಂಘದ ವಾಚನಾಲಯದಲ್ಲಿ ಪೇಪರುಗಳನ್ನು ಜೋಡಿಸಿಡುವ ಕೆಲಸಕ್ಕೆ ಹೋಗುತ್ತೇನೆ. ಚೆಂಬೂರಿನಲ್ಲಿ ಹಾರ್ಬರ್ ಲೋಕಲ್ ಹತ್ತಿ ಜಿಟಿಬಿ ನಗರದಲ್ಲಿ ಇಳಿದು ನಡೆದರೆ ಮಾಟುಂಗ. ಅಂದು ಪುಣ್ಯಕ್ಕೆ ನಾಲ್ಕನೆಯ ಸೀಟು ಸಿಕ್ಕಿತ್ತು. ಅಂದರೆ ಮೂರು ಜನ ಕೂರುವ ಬೆಂಚಿನ ತುದಿಯಲ್ಲಿ ಅರ್ಧ ದೇಹಕ್ಕೆ ಜಾಗ. ಫೋನು ಬಂತು. ಗದ್ದಲದಲ್ಲಿ ಕೇಳಿಸದೆ ಸ್ಪೀಕರ್ ಹಾಕಿದೆ.

"ಮಾಮಾ, ಹೊಲದಾಗ ಬಿಳಿ ಕಸ ಬಿದ್ದೈತಿ. ಫೋಟೋ ಹಾಕೀನಿ, ನೋಡು."

ನೋಡಿದೆ. ಜೋಳದ ದಂಟುಗಳ ಎಲೆ ಅಂಚಿನಲ್ಲಿ ಹಳದಿಯಾಗಿತ್ತು. ಬುಡದಲ್ಲಿ ಗೇಣುದ್ದವೂ ಇಲ್ಲದ ಸಣ್ಣ ಗಿಡ, ಅದರ ತುಂಬ ಬೆಳ್ಳಗಿನ ಪುಟ್ಟ ಹೂ. ಕಸ ಎಂದು ಯಾರೂ ಹೇಳದಿದ್ದರೆ ಕುಂಡದಲ್ಲಿ ನೆಡಬಹುದಾದಷ್ಟು ಮುದ್ದಾಗಿತ್ತು.

"ಯಾವಾಗಿಂದ ಐತಿ?"

"ನಿನ್ನೆ ಕಣ್ಣಿಗೆ ಬಿತ್ತು."

"ಮೊದಲ ಯಾಕ ನೋಡಲಿಲ್ಲ?" ನನ್ನ ದನಿ ಏರಿತು. ಈ ಪ್ರಶ್ನೆಯನ್ನು ನಾನು ಐದು ತಿಂಗಳಿನಿಂದ ಕೇಳುತ್ತಿದ್ದೆ, ಕಸ್ತೂರಿಯನ್ನಲ್ಲ.

ನನ್ನ ತಲೆಯಲ್ಲಿ ಒಂದೇ ವಿಚಾರ. ನೀಲಾ ಆರಿಸಿದ ಕೊನೆಯ ಬೀಜ ಆ ಹೊಲದಲ್ಲಿ ನಿಂತಿದೆ. ಅದು ಹೋದರೆ ಅವಳ ತಾಯಿಯಿಂದ ಬಂದ ಆ ಜೋಳ ನನ್ನ ಕೈಯಲ್ಲಿ ಮುಗಿದಂತೆ. ಒಂದು ಸಲ ತಡಮಾಡಿದ್ದೇನೆ, ಮತ್ತೆ ತಡಮಾಡಲಾರೆ.

"ಔಷಧ ಹೊಡಸಿಬಿಡು," ಎಂದೆ. ಡಬ್ಬಿಯ ಹೆಸರನ್ನೂ ಹೇಳಿದೆ. ಅಷ್ಟು ವರ್ಷ ಮುಚ್ಚಿದ ಡಬ್ಬಿ, ಹೆಸರು ಮರೆಯುವುದುಂಟೆ?

"ಅಕ್ಕ ಒಂದಿನಾನೂ ಹೊಡಸಿಲ್ಲ, ಮಾಮಾ."

"ಅಕ್ಕ ಈಗಿಲ್ಲ, ಕಸ್ತೂರಿ. ತಡಾ ಮಾಡಬ್ಯಾಡ. ಇವತ್ತ ಹೊಡಸು."

ಹೇಳಿಯಾದ ಮೇಲೆ ಆ ಮಾತು ನನಗೇ ಚುಚ್ಚಿತು. ಅವಳು ಮೆಲ್ಲಗೆ, "ಆತು. ಔಷಧ ಹೊಡಿಯೂ ಪಂಪಿನ ಮಲ್ಲಪ್ಪ ಬಾಜೂ ಹೊಲದಾಗಽ ಅದಾನ. ಸೋಮವಾರ ಎತ್ತಿಗೆ, ಪಂಪಿಗೆ ಎಲ್ಲೀ ಸೋಮವಾರ," ಎಂದು ಫೋನು ಇಟ್ಟಳು.

ಪಕ್ಕದಲ್ಲಿ ಕುಳಿತವನು ಕೆಮ್ಮಿದ. ಸೆಕ್ಯುರಿಟಿಯವರ ನೀಲಿ ಅಂಗಿ, ತೊಡೆಯ ಮೇಲೆ ಊಟದ ಡಬ್ಬಿ, ನಲವತ್ತರ ಆಸುಪಾಸು.

"ಕಾಕಾ, ಸಿಟ್ಟಿಗೇಳಬ್ಯಾಡ್ರಿ," ಎಂದ ಕನ್ನಡದಲ್ಲಿ. "ನಾ ಮಂಗಳವೇಢಾ ಕಡೆಯವ. ನಮ್ಮ ಆಯಿ ಅಕ್ಕಲಕೋಟದಾಕಿ, ಅದಕ್ಕ ನಿಮ್ಮ ಮಾತು ತಿಳೀತದ. ಜರಾ ಫೋಟೋ ತೋರಸ್ರಿ."

ತೋರಿಸಿದೆ. ಅವನು ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ ನೋಡಿ ನಾಲಿಗೆ ಚಪ್ಪರಿಸಿದ. "ಅರೇರೇ. ಹಾ ತರ್ ಟಾರಫುಲಾ. ನೀವು ಬಿಳಿ ಕಸ ಅಂತೀರಲ್ಲ, ಅದಽ. ಇದು ಹಿಂದ ಕಾಣತದಲ್ಲ, ಕುಸುಬಿ ಸಾಲೇನು?"

"ಹೌದು. ಜೋಳದ ನಡುವ ಹಾಕಿರತಾರ."

"ಮತ್ತ ಅದಕ್ಕೂ ಹೊಡಸ್ತೀರೇನು? ನೀವು ಹೇಳಿದ ಔಷಧಕ್ಕ ಅಗಲ ಎಲಿ ಇದ್ದದ್ದೆಲ್ಲಾ ಸುಡತದ, ಕಾಕಾ. ಕುಸುಬಿ ಮೊದಲ ಹೋಗತದ. ಮ್ಯಾಲ ಜೋಳಾ ತೆನಿಗೆ ಬಂದದ. ಈಗ ಹೊಡದ್ರ ತೆನಿಗೂ ಛಲೋ ಅಲ್ಲ." ಆಮೇಲೆ ಮುಗ್ಧವಾಗಿ ಕೇಳಿದ: "ಡಬ್ಬಿ ಮ್ಯಾಲ ಬರದಿರತದಲ್ಲ? ಓದಿಲ್ಲೇನು?"

ಓದಿದ್ದೇನೆಯೇ! ಚೀಟಿಯವನ ರಜೆಯ ದಿನಗಳಲ್ಲಿ ಸಾವಿರಾರು ಡಬ್ಬಿಗಳಿಗೆ ಅದನ್ನು ಅಂಟಿಸಿದ್ದೇನೆ. ಬಿತ್ತಿ ಎಷ್ಟು ವಾರದೊಳಗೆ ಹೊಡೆಯಬೇಕು, ಪಕ್ಕದಲ್ಲಿ ಯಾವ ಬೆಳೆ ಇರಬಾರದು ಎಂದು ಹತ್ತಾರು ಭಾಷೆಗಳಲ್ಲಿ ಇರುವೆಯಂಥ ಅಕ್ಷರಗಳು. ಚೀಟಿ ಓರೆಯಾಗದಂತೆ ನೋಡಿಕೊಂಡಿದ್ದೆ. ಓರೆಯಾದರೆ ಸೂಪರ್‌ವೈಸರ್ ಬೈಯುತ್ತಿದ್ದ. ಅದರಲ್ಲಿ ಏನಿದೆ ಎಂದು ಒಮ್ಮೆಯೂ ಯಾರೂ ಕೇಳಿರಲಿಲ್ಲ.

ಕಸ್ತೂರಿಗೆ ಫೋನು ಮಾಡಿದೆ. ರಿಂಗ್ ಆಗುತ್ತಿತ್ತು, ಎತ್ತುತ್ತಿರಲಿಲ್ಲ. ಕೆಲಸ ಮಾಡುವಾಗ ಅವಳು ಫೋನನ್ನು ಬುತ್ತಿಯ ಚೀಲದಲ್ಲಿ ಹಾಕಿ ಬೇವಿನ ಮರಕ್ಕೆ ನೇತುಹಾಕುತ್ತಾಳೆ. ಮತ್ತೆ ಮಾಡಿದೆ. ಮತ್ತೆ. ಕಿಟಕಿಯ ಪಕ್ಕದ ದಪ್ಪ ಮನುಷ್ಯ ನಮ್ಮಿಬ್ಬರ ಗಾಬರಿ ನೋಡಿ, "ಕ್ಯಾ ಹುವಾ ಚಾಚಾ? ಖೇತ್ ಮೆ ಚೋರ್ ಘುಸ್ ಗಯಾ ಕ್ಯಾ?" ಎಂದ.

"ಚೋರ್ ಹೀ ಸಮಝೋ," ಎಂದ ನೀಲಿ ಅಂಗಿಯವನು. "ಲೇಕಿನ್ ಚಾಚಾ ಪೊಲೀಸ್ ಕೋ ನಹೀ, ಬುಲ್‌ಡೋಝರ್ ಕೋ ಬುಲಾ ಬೈಠೇ."

ಕಳ್ಳ ಬಂದರೆ ಪೊಲೀಸರ ಬದಲು ಬುಲ್‌ಡೋಝರ್ ಕರೆದವನ ಕಥೆಗೆ ಬೋಗಿಯ ತುಂಬ ನಗು. ನನಗೂ ನಗು ಬರಬೇಕಿತ್ತು, ಬೆವರು ಬಂತು. ಪ್ರೀತಿಗೆ ಫೋನು ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಪಪ್ಪಾ, ಶ್ವಾಸ ತಗೋರಿ," ಎಂದಳು. "ಕಸ್ತೂರಿ ಮೌಶಿ ಮಗಳು ಭಾಗ್ಯಾ ಇನ್ಸ್ಟಾದಾಗ ಆನ್ಲೈನ್ ಅದಾಳ. ಈಗ ರೀಲ್ ಹಾಕ್ಯಾಳ, ಮನ್ಯಾಗ ಇರಬೇಕು. ಅಕಿಗೆ ಹೇಳತೀನಿ, ಓಡಿ ಹೋಗತಾಳ. ಹೊಲಾ ಮನಿಂದ ದೂರ ಏನು?"

ಎಷ್ಟು ದೂರ ಎಂದು ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಅಳಿಯನಾಗಿದ್ದೇನೆ. ನನ್ನನ್ನು ಯಾವಾಗಲೂ ಬೈಕಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು.

ಜಿಟಿಬಿ ನಗರ ಬಂತು, ಹೋಯಿತು. ನಾನು ಇಳಿಯಲಿಲ್ಲ. ಇಳಿದರೆ ನೆಟ್‌ವರ್ಕ್ ಹೋಗಿಬಿಟ್ಟರೆ ಎಂಬ ಭಯ. ಆಮೇಲೆ ಯೋಚಿಸಿದರೆ ಇದಕ್ಕೆ ಅರ್ಥವೇ ಇಲ್ಲ. ನೀಲಿ ಅಂಗಿಯವನು ನನ್ನನ್ನು ಸಮಾಧಾನಪಡಿಸಲೆಂದೋ ಏನೋ ಆ ಕಸದ ಕಥೆ ಹೇಳತೊಡಗಿದ. ಅದರ ಬೀಜ ನಶ್ಯದ ಪುಡಿಗಿಂತ ಸಣ್ಣ. ಎಷ್ಟೋ ವರ್ಷ ಮಣ್ಣಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಜೋಳದ ಬೇರು ಹತ್ತಿರ ಬಂದಾಗ ಮಾತ್ರ ಎಚ್ಚರಾಗಿ ಆ ಬೇರಿಗೆ ಅಂಟಿಕೊಳ್ಳುತ್ತದೆ. ನೆಲದ ಕೆಳಗೇ ವಾರಗಟ್ಟಲೆ ಹೀರುತ್ತದೆ. ಮೇಲೆ ಬಂದು ಹೂ ಬಿಡುವ ಹೊತ್ತಿಗೆ ಅದರ ಊಟ ಮುಕ್ಕಾಲು ಆಗಿರುತ್ತದೆ.

"ಹಂಗಾದ್ರ ಈಗ ಏನು ಮಾಡೂದು?"

"ಹೋದದ್ದು ಹೋತು, ಕಾಕಾ. ಬಾಡಿದ ಜೋಳಾ ಏನು ಹೊಡದ್ರೂ ತಿರುಗಿ ಬರೂದಿಲ್ಲ. ಕಸಾನ ಕೈಯಿಂದ ಕೀಳಸ್ರಿ, ಹೂ ಕಾಯಿ ಆಗೂಕಿಂತ ಮೊದಲ. ಬೀಜಾ ನೆಲಕ್ಕ ಬೀಳಬಾರದು. ಇದು ಈ ವರ್ಷದ ಸಲುವಾಗಿ ಅಲ್ಲ, ಮುಂದಿನ ವರ್ಷದ ಸಲುವಾಗಿ."

ನನಗೆ ಕೇಳಬೇಕಾದದ್ದು ಬೇರೆ ಇತ್ತು. ಹೇಗೋ ಕೇಳಿದೆ. "ಮ್ಯಾಲ ಬರೂಕಿಂತ ಮೊದಲ ಗೊತ್ತಾಗೂದಿಲ್ಲೇನು? ಎಚ್ಚರ ಇದ್ದವರಿಗೆ?"

"ಹ್ಯಾಂಗ ಗೊತ್ತಾಗತದ? ಎಲಿ ಒಂದೀಟು ಬಾಡಿದಂಗ ಕಾಣತದ. ನೀರು ಕಮ್ಮಿ ಆಗ್ಯಾದ ಅಂತ ಎಲ್ಲಾರೂ ಅಂತಾರ. ನಮ್ಮಪ್ಪ ಹುಟ್ಟಿದಾಗಿಂದ ಜೋಳದಾಗಽ ಅದಾನ. ಅವನೂ ಹಂಗಽ ಅಂತಿದ್ದ. ಭೂಮಿ ಒಳಗ ನಡದದ್ದು ಯಾರಿಗೆ ಕಾಣತದ, ಕಾಕಾ?"

ಬಾಗಿಲಲ್ಲಿ ನೇತಾಡುವವರ ನಡುವಿನಿಂದ ಕಾಣುವ ಗೋಡೆ, ಗುಡಿಸಲು, ಒಗೆದ ಬಟ್ಟೆ ನೋಡುತ್ತ ಕುಳಿತೆ. ವಡಾಳ ದಾಟಿದ ಮೇಲೆ ಅವನು ತನ್ನ ನೀರಿನ ಬಾಟಲಿ ನನ್ನ ಕಡೆ ಚಾಚಿದ. ಕುಡಿದೆ.

ಕೊನೆಯ ಸ್ಟೇಷನ್ನಿನಲ್ಲಿ ಇಬ್ಬರೂ ಇಳಿದೆವು. ಅವನಿಗೆ ಡ್ಯೂಟಿಗೆ ತಡವಾಗಿತ್ತು. "ಫಿಕೀರ್ ಮಾಡಬ್ಯಾಡ್ರಿ," ಎಂದು ಜನರಲ್ಲಿ ಸೇರಿಹೋದ. ಹೆಸರು ಕೇಳುವುದನ್ನೇ ಮರೆತೆ. ನಾನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತೆ. ಎಷ್ಟೋ ಹೊತ್ತಿನ ಮೇಲೆ ಅದು ಬಡಿದುಕೊಂಡಿತು.

"ಏನ್ ಮಾಮಾ ನೀ!" ಕಸ್ತೂರಿಯ ದನಿ ಏದುಸಿರಿನಲ್ಲಿತ್ತು. "ಹೊಡಿ ಅಂತೀ, ಹೊಡೀಬ್ಯಾಡ ಅಂತೀ. ಭಾಗ್ಯಾ ಚಪ್ಪಲಿನೂ ಇಲ್ಲದ ಓಡಿ ಬಂದಾಳ. ಯಾರಿಗರೇ ಏನರ ಆತೇನೋ ಅಂತ ಕೈಯಾಗಿನ ಬುಟ್ಟಿ ಒಗದು ನಾನೂ ಓಡೀನಿ."

"ಹೊಡದ್ರೇನು?"

"ನಾಕ ಸಾಲು ಹೊಡದಿದ್ದ ಮಲ್ಲಪ್ಪ. ನಿಲ್ಲಿಸೀನಿ. 'ನಿಮ್ಮ ಮುಂಬೈ ಮಾಮಾಗ ಪಂಪ ಅಂದ್ರ ಲೈಟಿನ ಬಟನ್ ಅನ್ನಿಸೇತಿ' ಅಂತ ನಕ್ಕೋತ ಹೋದ."

ನಾಲ್ಕೇ ಸಾಲು. ನಾನು ಬೆಂಚಿನ ಮೇಲೆ ಹಿಂದಕ್ಕೆ ಒರಗಿದೆ. ನನ್ನ ಮುಂದೆ ಸಾವಿರಾರು ಜನ ಹೋಗುತ್ತಿದ್ದರು. ಕುಸುಬಿಯ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ. ಅಂದು ವಾಚನಾಲಯದಲ್ಲಿ ಪೇಪರುಗಳನ್ನು ತಲೆಕೆಳಗಾಗಿ ಜೋಡಿಸಿದೆನಂತೆ. ಓದಲು ಬರುವ ಹಿರಿಯರೊಬ್ಬರು, "ಎಂತ ಮಾರಾಯ್ರೆ, ಇವತ್ತು ಲೋಕವೇ ಉಲ್ಟಾ ಉಂಟಲ್ಲ" ಎಂದರು.

ಮರುದಿನದಿಂದ ಎರಡು ದಿನ ಕಸ ಕಿತ್ತರು. ನಮ್ಮ ಕಡೆ ಮುಯ್ಯಾಳು ಎಂಬ ಪದ್ಧತಿ ಇದೆ. ನನ್ನ ಹೊಲಕ್ಕೆ ಇಂದು ನೀವು ಬಂದು ದುಡಿಯಿರಿ, ನಿಮ್ಮ ಹೊಲಕ್ಕೆ ನಾಳೆ ನಾವು ಬರುತ್ತೇವೆ ಎಂಬ ಒಪ್ಪಂದ. ಒಂಬತ್ತು ಹೆಂಗಸರು ಸಾಲು ಹಿಡಿದು ಬಗ್ಗಿ ನಡೆಯುವ ವಿಡಿಯೋವನ್ನು ಭಾಗ್ಯಾ ಕಳಿಸಿದಳು. ಹೂಬಿಟ್ಟ ಗಿಡಗಳನ್ನು ಕಿತ್ತು ನೆಲಕ್ಕೆ ಹಾಕದೆ ಚೀಲಕ್ಕೇ ಹಾಕಿ, ಹೊಲದಿಂದ ಹೊರಗೆ ಒಯ್ದು ಸುಟ್ಟರು. ನಾನು ಅದನ್ನು ಹತ್ತು ಸಲ ನೋಡಿದೆ. ಒಬ್ಬಳು ಒಂದು ಗಿಡ ಬಿಟ್ಟು ಹೋದಂತೆ ಕಂಡಿತು. ವಿಡಿಯೋ ನಿಲ್ಲಿಸಿ, ಹಿಗ್ಗಿಸಿ, ಕಸ್ತೂರಿಗೆ ಫೋನು ಮಾಡಿ, ಎಡಗಡೆಯ ಮೂರನೆಯ ಸಾಲಿನಲ್ಲಿ ಬೆಳ್ಳಗೆ ಏನೋ ಕಾಣುತ್ತದೆ ಎಂದೆ.

"ಅದು ಬೀಡಿ ಕಾಗದ, ಮಾಮಾ," ಎಂದಳು.

ಮರುದಿನ ಮತ್ತೆ ಕೇಳಿದೆ. ಅದರ ಮರುದಿನವೂ. "ನೀ ಹಿಂಗ ದಿನಾ ಕೇಳಿದ್ರ ಕಸಕ್ಕಽ ನಾಚಿಕಿ ಬಂದು ಊರ ಬಿಟ್ಟು ಹೋ‌ಗತೈತಿ" ಎಂದಳು. ಔಷಧ ಬಿದ್ದ ನಾಲ್ಕು ಸಾಲಿನ ಕುಸುಬಿ ಒಂದು ವಾರದಲ್ಲಿ ಕುತ್ತಿಗೆ ತಿರುಚಿಕೊಂಡು ಒಣಗಿತು. ಅದರ ಫೋಟೋ ಕಳಿಸು ಎಂದರೆ ಬಹಳ ದಿನ ಕಳಿಸಲಿಲ್ಲ. ಕಳಿಸಿದಾಗ ಅದರ ಕೆಳಗೆ, "ನಾಕಽ ಸಾಲು, ಬಿಡು" ಎಂದು ಬರೆದಿದ್ದಳು.

ಬಿಡುವುದು ನನ್ನಿಂದ ಆಗಲಿಲ್ಲ. ಬೆಳೆ ಮುಕ್ಕಾಲು ಭಾಗ ಉಳಿದಿದೆ ಎಂದು ಗೊತ್ತಾದ ಮೇಲೆ ಹೊಸ ಚಿಂತೆ ಶುರುವಾಯಿತು. ಮಣ್ಣಿನಲ್ಲಿ ಬೀಜ ಎಷ್ಟೋ ವರ್ಷ ಕಾಯುತ್ತದೆ ಎಂದು ಆ ಮನುಷ್ಯ ಹೇಳಿದ್ದನಲ್ಲ. ಮುಂದಿನ ವರ್ಷ ಅದೇ ಹೊಲದಲ್ಲಿ ಜೋಳ ಬಿತ್ತಿದರೆ ಅದೇ ಕಥೆ. ಬಿತ್ತದಿದ್ದರೆ ನೀಲಾಳ ಬೀಜ ಗಡಿಗೆಯಲ್ಲಿ ಕುಳಿತು ಹಳೆಯದಾಗುತ್ತದೆ. ಎರಡೂ ಕಡೆ ಗುಂಡಿ. ಮಕರ ಸಂಕ್ರಾಂತಿ ಆದ ಮೇಲೆ, ತೆನೆ ಆರಿಸುವ ಕಾಲದಲ್ಲಿ ಕಸ್ತೂರಿಯೇ ಆ ಪ್ರಶ್ನೆ ಕೇಳಿದಳು.

"ಬೀಜಕ್ಕ ತೆನಿ ಆರಸಾಕತ್ತೀನಿ. ಮುಂದಿನ ವರ್ಷ ಏನು ಬಿತ್ತೂಣು, ಮಾಮಾ?"

ನಾನು ಬಾಲ್ಕನಿಯಲ್ಲಿ ನಿಂತಿದ್ದೆ. ನಾಲಿಗೆಯ ತುದಿಗೆ ಏನೇನೋ ಬಂತು. ಯಾವುದೂ ನನ್ನದಾಗಿರಲಿಲ್ಲ. ಅರವತ್ತೆರಡು ವರ್ಷದ ಮೇಲೆ, ಹೊಲದ ವಿಷಯದಲ್ಲಿ, ಮೊದಲ ಸಲ ನಿಜ ಹೇಳಿದೆ.

"ನನಗ ಗೊತ್ತಿಲ್ಲ, ಕಸ್ತೂರಿ. ನನಗ ಏನೂ ಗೊತ್ತಿಲ್ಲ. ನಿಮ್ಮಕ್ಕಗ ಗೊತ್ತಿತ್ತು."

ಅವಳು ನಕ್ಕಳು. ನೀಲಾ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

"ಅಕ್ಕಗ? ಅಕ್ಕಗ ಎಲ್ಲಿ ಗೊತ್ತಿತ್ತು, ಮಾಮಾ! ಮದುವಿ ಆಗಿ ಮುಂಬೈಗೆ ಹೋಗಿ ಮೂವತ್ತು ವರ್ಷ ಆತು. ಮಳಿ ಹ್ಯಾಂಗ ಐತಿ, ಮಣ್ಣ ಹ್ಯಾಂಗ ಐತಿ ಅಂತ ಆಕಿ ನನ್ನ ಕೇಳಾಕಿ. ಏನು ಮಾಡೂಣು ಅಂತ ನಾ ಆಕಿನ್ನ ಕೇಳಾಕಿ. ಇಬ್ಬರೂ ಕೂಡಿ ಅಂದಾಜು ಮಾಡತಿದ್ವಿ. ಎಷ್ಟು ಸಲ ತಪ್ಪೇತಿ! ಒಮ್ಮೆ ಎಡೆ ತಡಾ ಹೊಡದು ಅರ್ಧಾ ಹೊಲಾ ಹುಲ್ಲಿಗೆ ಬಿಟ್ವಿ. ನಿನಗ ಹೇಳಬ್ಯಾಡ ಅಂದಿದ್ಲು."

"ನನಗ ಯಾಕ ಹೇಳಬ್ಯಾಡ?"

"ನೀ ಚಿಂತೀ ಮಾಡತಿ ಅಂತ."

ಕೆಳಗೆ ಯಾರೋ ಸ್ಕೂಟರ್ ಚಾಲು ಮಾಡಲು ಒದೆಯುತ್ತಿದ್ದರು. ನಾನು ಒಳಗಿನಿಂದ ಒಂದು ಸ್ಟೂಲು ತಂದು ಕುಳಿತು, "ಸರಿ, ಮಣ್ಣ ಹ್ಯಾಂಗ ಐತಿ ಹೇಳು" ಎಂದೆ.

ಅವಳು ಹೇಳಿದಳು. ನಾನು ಕೇಳಿದೆ. ಅವಳು ಕೇಳಿದಳು, ನಾನು ಗೊತ್ತಿಲ್ಲ ಎಂದೆ. ಅರ್ಧ ಗಂಟೆ ಹೀಗೇ ನಡೆಯಿತು. ಕೊನೆಗೆ, ಕಡಲೆಯ ಬೇರಿಗೆ ಆ ಕಸ ಅಂಟುವುದಿಲ್ಲವಂತೆ, ಆದ್ದರಿಂದ ನೀಲಾಳ ಹೊಲಕ್ಕೆ ಕೆಲವು ವರ್ಷ ಕಡಲೆ. ನೀಲಾಳ ಜೋಳ ಹಳ್ಳದ ಆಚೆ, ಕಸ್ತೂರಿಯ ಹೊಲಕ್ಕೆ. ಬಿತ್ತುವ ಮೊದಲು ಬೀಜವನ್ನು ಎರಡು ಸಲ ತೊಳೆಯಬೇಕು, ಧೂಳಿನಲ್ಲಿ ಕಸ ಸೇರಿರಬಹುದು, ಎಂದು ಅಂದಾಜು ಮಾಡಿದೆವು. ತೊಳೆಯುವುದು ನನ್ನ ಸಲಹೆ. ಮೂರು ಸಲ ಎಂದಿದ್ದೆ, ಕಸ್ತೂರಿ ಎರಡಕ್ಕೆ ಇಳಿಸಿದಳು.

ಸರಿಯೋ ತಪ್ಪೋ ಬಿತ್ತಿದ ಮೇಲೆ ಗೊತ್ತಾಗಬೇಕು. ನಮ್ಮಿಬ್ಬರಲ್ಲಿ ಯಾರಿಗೂ ಗೊತ್ತಿಲ್ಲ ಎಂಬುದು ಮಾತ್ರ ಅಂದು ಖಚಿತವಾಯಿತು. ಫೋನು ಇಟ್ಟು ಒಳಗೆ ಬಂದರೆ ಹಸಿವಾಗಿತ್ತು. ಬಹಳ ದಿನದ ಮೇಲೆ, ಹಸಿವಾದದ್ದಕ್ಕೆ ಏನು ಕಾರಣವಿರಬಹುದು ಎಂದು ಯೋಚಿಸದೆ ಊಟಕ್ಕೆ ಕುಳಿತೆ.